ದಿಕ್ಸೂಚಿಗೇ ದಿಕ್ಕು ತಪ್ಪಿದಾಗ

ಗಂಟೆ ನಿಂತರೆ ಹಕ್ಕಿ ಸಿಕ್ಕಿತೆಂದೇ ಲೆಕ್ಕ. ಮಿಚಿಗನ್ನಿನ ಉತ್ತರದ ಕಾಡುಗಳಲ್ಲಿ ಗ್ರೌಸ್ ಹಕ್ಕಿಯ ಬೇಟೆಗೆ ಹೋಗುವವರು ಸೆಟ್ಟರ್ ನಾಯಿಯ ಕೊರಳಿಗೆ ಪುಟ್ಟ ಗಂಟೆ ಕಟ್ಟುತ್ತಿದ್ದರು. ಪೊದೆಯೊಳಗೆ ನಾಯಿ ಕಾಣದಿದ್ದರೂ ಕಿಣಿಕಿಣಿ ಕೇಳುತ್ತಿರುತ್ತದೆ. ವಾಸನೆ ಹಿಡಿದ ನಾಯಿ ಕಲ್ಲಾಗಿ ನಿಂತರೆ ಗಂಟೆಯೂ ಸುಮ್ಮನಾಗುತ್ತದೆ.

ಕಳಸದ ಕಡೆಯಿಂದ ಡೆಟ್ರಾಯಿಟ್‌ಗೆ ಹೋಗಿ ಎಂಜಿನಿಯರಾದವನಿಗೆ ಇದು ತಮಾಷೆಯಾಗಿ ಕಂಡಿತು. ಅವನ ಊರಲ್ಲಿ ಗಂಟೆ ಕಟ್ಟುವುದು ದನಗಳಿಗೆ. ಅಜ್ಜನ ನಾಯಿಗಳು ಹಂದಿಯನ್ನು ತಡೆದು ನಿಲ್ಲಿಸಿ, ಬೊಗಳಿಯೇ ತಾವಿರುವ ಜಾಗ ಹೇಳುತ್ತಿದ್ದವಂತೆ. 'ಅಂತೆ' ಎನ್ನಲೇಬೇಕು, 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಅವರ ಮನೆಯ ಶಿಕಾರಿ ಕಾಡು ಬಿಟ್ಟು ಜಗಲಿಗೆ ಬಂದಿತ್ತು. ಕಥೆಯ ನಡುವೆ ಅಜ್ಜ ಒಂದು ಮಾತು ಸೇರಿಸುತ್ತಿದ್ದರು: "ದಾರಿ ತಪ್ಪಿದ್ರೆ ಹೆದರ್ಬೇಡ ಮಗಾ, ಹಳ್ಳ ಹಿಡಿದು ಇಳಿ. ಭದ್ರೆ ಸಿಕ್ಕೇ ಸಿಗ್ತಾಳೆ."

ಈ ಉಪಾಯ ಮಿಚಿಗನ್ನಿನಲ್ಲಿ ನಡೆಯುವುದಿಲ್ಲ. ಅಲ್ಲಿ ಹಳ್ಳ ಹಿಡಿದು ಹೋದವನು ಹೊಳೆ ಸೇರುವ ಮೊದಲು ಮೊಣಕಾಲುದ್ದದ ಜೌಗು ಸೇರುತ್ತಾನೆ.

ಅಕ್ಟೋಬರಿನ ಒಂದು ಶನಿವಾರ ಅವನೂ ಆಫೀಸಿನ ಹಿರಿಯರೊಬ್ಬರೂ ಏಳು ಗಂಟೆ ಕಾರು ಓಡಿಸಿ ಉತ್ತರದ ಮಾರ್ಕೆಟ್ ಎಂಬ ಜಿಲ್ಲೆ ಮುಟ್ಟಿದರು. ಪರವಾನಗಿ ಜೇಬಿನಲ್ಲಿ, ಕಾನೂನಿನ ಪ್ರಕಾರ ಕಿತ್ತಳೆ ಜಾಕೆಟ್ಟು ಮೈಮೇಲೆ. ನಾಯಿಯ ಕೊರಳಲ್ಲಿ ಗಂಟೆಯಿರಲಿಲ್ಲ, ಜಿಪಿಎಸ್ ಪಟ್ಟಿಯಿತ್ತು. ಅದು ಎಷ್ಟು ದೂರದಲ್ಲಿ, ಯಾವ ದಿಕ್ಕಿನಲ್ಲಿದೆ ಎಂದು ಕೈಯಲ್ಲಿನ ಯಂತ್ರ ಹೇಳುತ್ತಿತ್ತು. 2000ದ ಮೇ ತಿಂಗಳವರೆಗೆ ಅಮೆರಿಕ ಸರ್ಕಾರ ಸಾರ್ವಜನಿಕರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿಡುತ್ತಿತ್ತು. ನೂರು ಮೀಟರಿನಷ್ಟು ತಪ್ಪು ಮಾಮೂಲು. ಆಗ ಇಂಥ ಪಟ್ಟಿ ಕಟ್ಟಿದ್ದರೆ ನಾಯಿ ಒಂದು ಪೊದೆಯಲ್ಲಿ, ಬೇಟೆಗಾರ ಇನ್ನೊಂದು ಪೊದೆಯಲ್ಲಿ!

ಎಳೆಯ ಆಸ್ಪೆನ್ ಮರಗಳ ನಡುವೆ ನಾಯಿ ಹೋದಲ್ಲೆಲ್ಲ ತಿರುಗಿದರು. ಮಧ್ಯಾಹ್ನದ ಹೊತ್ತಿಗೆ ಮೋಡ ಕವಿಯಿತು, ಚಳಿಗೆ ಯಂತ್ರದ ಬ್ಯಾಟರಿ ಸತ್ತಿತು. ಸಿಳ್ಳೆ ಹಾಕಿದ್ದಕ್ಕೆ ನಾಯಿಯೇನೋ ಬಂತು. ಕಾರು ಎಲ್ಲಿ?

ಹಿರಿಯರಿಗೆ ಗಾಬರಿಯಿರಲಿಲ್ಲ. ಕಾರಿಳಿದಾಗಲೇ ಅವರು ದಿಕ್ಸೂಚಿ ನೋಡಿಕೊಂಡಿದ್ದರು: ರಸ್ತೆ ಉತ್ತರ-ದಕ್ಷಿಣ, ತಾವು ಹೊಕ್ಕದ್ದು ಪೂರ್ವಕ್ಕೆ. ಎಷ್ಟೇ ಸುತ್ತಿರಲಿ, ಪಶ್ಚಿಮಕ್ಕೆ ನಡೆದರೆ ರಸ್ತೆ ಅಡ್ಡ ಬರಲೇಬೇಕು. ದಿಕ್ಸೂಚಿಯನ್ನು ಅವನ ಕೈಗಿತ್ತರು. ಅವನು ನೋಡಿದ, ಕೈ ತೋರಿಸಿದ. ಹಿರಿಯರು ನಕ್ಕರು. "ಮೊದಲು ಆ ಕೋವಿ ಕೆಳಗಿಡು."

ಕಂಕುಳಲ್ಲಿದ್ದ ಜೋಡುನಳಿಗೆಯ ಉಕ್ಕು ಸೂಜಿಯನ್ನು ತನ್ನ ಕಡೆಗೆ ಎಳೆದುಕೊಂಡಿತ್ತು. ತೋಟಾ ತೆಗೆದು ಕೋವಿಯನ್ನು ಮರಕ್ಕೊರಗಿಸಿ ಹತ್ತು ಹೆಜ್ಜೆ ಆಚೆ ಬಂದ. ಸೂಜಿ ನಿಧಾನವಾಗಿ ಹೊರಳಿತು. ಅವನು ತೋರಿಸಿದ್ದ 'ಪಶ್ಚಿಮ' ಹೆಚ್ಚುಕಡಿಮೆ ದಕ್ಷಿಣವಾಗಿತ್ತು.

ಕಬ್ಬಿಣಕ್ಕೆ ಸೂಜಿ ಮರುಳಾಗುವುದು ಆ ನೆಲಕ್ಕೆ ಹೊಸದಲ್ಲ. 1844ರ ಸೆಪ್ಟೆಂಬರ್ 19ರಂದು ವಿಲಿಯಂ ಆಸ್ಟಿನ್ ಬರ್ಟ್ ಎಂಬ ಭೂಮಾಪಕನ ತಂಡ ಈಗಿನ ನೆಗಾನಿ ಊರಿನ ಬಳಿ ಅಳತೆಯ ಗೆರೆ ಎಳೆಯುತ್ತಿದ್ದಾಗ ಸೂಜಿ ಹುಚ್ಚುಹಿಡಿದಂತೆ ಆಡಿತು. ಕಾರಣ ಹುಡುಕಿದರೆ ಕಾಲಡಿಯಲ್ಲೇ ಕಬ್ಬಿಣದ ಅದಿರು. ಬರ್ಟ್‌ನ ಕೆಲಸ ಮಾತ್ರ ನಿಲ್ಲಲಿಲ್ಲ. ಸೂರ್ಯನನ್ನು ನೋಡಿ ಉತ್ತರ ಹೇಳುವ ಸೌರ ದಿಕ್ಸೂಚಿಗೆ ಅವನು 1836ರಲ್ಲೇ ಪೇಟೆಂಟ್ ಪಡೆದಿದ್ದ. ಆ ಭೂಮಾಪಕರು ನಾಡನ್ನು ಒಂದೊಂದು ಮೈಲಿಯ, 640 ಎಕರೆಯ ಚೌಕಗಳಾಗಿ ಕತ್ತರಿಸಿಟ್ಟರು. ಇವರು ಹುಡುಕುತ್ತಿದ್ದ ರಸ್ತೆಯೂ ಅಂಥದೊಂದು ಗೆರೆಯ ಮೇಲೇ ಇತ್ತು.

ನಲವತ್ತು ನಿಮಿಷ ನಡೆದ ಮೇಲೆ ಆ ರಸ್ತೆ ಸಿಕ್ಕಿತು. ಹಕ್ಕಿ ಒಂದೂ ಸಿಕ್ಕಿರಲಿಲ್ಲ.

ರಾತ್ರಿ ಊರಿಗೆ ಫೋನು ಮಾಡಿ ಅಪ್ಪನಿಗೆ ಎಲ್ಲ ಹೇಳಿದ. ಅಪ್ಪನಿಗೆ ಆಶ್ಚರ್ಯವಾಗಲಿಲ್ಲ. ಕಳಸದ ನೆರೆಯ ಕುದುರೆಮುಖದ ಅದಿರೂ ಮ್ಯಾಗ್ನಟೈಟೇ, ಅಯಸ್ಕಾಂತಕ್ಕೆ ಅಂಟುವಂಥದು. "ಅಜ್ಜನ ಹತ್ರ ದಿಕ್ಸೂಚಿ ಇರ್ಲಿಲ್ವಲ್ಲ, ಒಳ್ಳೇದೇ ಆಯ್ತು ಬಿಡು" ಎಂದರು.

ಮುಂದಿನ ಶನಿವಾರ ನಾಯಿಯ ಕೊರಳಲ್ಲಿ ಜಿಪಿಎಸ್ ಪಟ್ಟಿಯ ಪಕ್ಕಕ್ಕೆ ಹಿತ್ತಾಳೆಯ ಗಂಟೆಯೊಂದು ಸೇರಿತ್ತು.