ಖಾನಾವಳಿಯ ಮೈಫಿಲು

ಉಣ್ಣುವಾಗ ಮಾತನಾಡಬಾರದು, ಹಾಡಬಾರದು ಎಂದು ಮೂವತ್ತು ವರುಷ ಮಕ್ಕಳಿಗೆ ಕಲಿಸಿದವರು ನಾವು. ಆ ಪಾಠವನ್ನು ಮಿರಜಿನ ಒಂದು ಚಿಕ್ಕ ಖಾನಾವಳಿಯಲ್ಲಿ ನಾವೇ ಮರೆತು ಬಂದೆವು. ಅದು ಹೇಗೆಂಬುದನ್ನು ವಾಚಕರ ಮುಂದಿಡುವುದಷ್ಟೇ ಈ ಬರಹದ ಉದ್ದೇಶ.

ನಮ್ಮದು ಜತ್ತ ತಾಲೂಕಿನ ಒಂದು ಕನ್ನಡ ಶಾಲೆ. ಅದರ ಕಪಾಟಿನ ಮೇಲೆ ಹಾರ್ಮೋನಿಯಂ ಪೇಟಿಯೊಂದು ಬಹುಕಾಲದಿಂದ ಕುಳಿತಿತ್ತು. ನಮಗಿಂತ ಮೊದಲಿದ್ದ ಗುರುಗಳು ಊರಲ್ಲಿ ಪಟ್ಟಿ ಎತ್ತಿ ತಂದದ್ದು. ಅವರ ಕಾಲದಲ್ಲಿ ಶನಿವಾರದ ಕೊನೆಯ ಅವಧಿ ಸಂಗೀತದ್ದು. ನಾವು ಮುಖ್ಯಾಧ್ಯಾಪಕರಾದ ವರುಷವೇ ಆ ಅವಧಿಯನ್ನು ಗಣಿತಕ್ಕೆ ಕೊಟ್ಟೆವು. ಮಕ್ಕಳು ಶಿಷ್ಯವೇತನದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕೆಂಬ ಹಂಬಲ ನಮ್ಮದು. ಪೇಟಿಯ ಹೆಸರು 'ಡೆಡ್ ಸ್ಟಾಕ್' ವಹಿಯಲ್ಲಿ ಉಳಿಯಿತು. ಬಾಕು, ಹಲಗೆ, ಗಡಿಯಾರ ಎಲ್ಲವೂ ಆ ವಹಿಯಲ್ಲಿಯೇ ಇರುತ್ತವೆ. ಆದರೆ ವಹಿಯ ಹೆಸರನ್ನು ನಿಜಮಾಡಿದ್ದು ನಮ್ಮ ಪೇಟಿ ಒಂದೇ.

2024ರ ದೀಪಾವಳಿ ರಜೆಯಲ್ಲಿ ಅದನ್ನು ವಹಿಯಿಂದ ತೆಗೆದುಹಾಕುವ ವಿಚಾರ ಬಂದಿತು. ದುರಸ್ತಿಗೆ ಬಾರದ ವಸ್ತುವೆಂದು ತಿಳಿದವರೊಬ್ಬರು ಚೀಟಿ ಬರೆದುಕೊಟ್ಟರೆ ಕೆಲಸ ಹಗುರಾಗುತ್ತಿತ್ತು. ಅದಕ್ಕಾಗಿ ನಾವೂ ನಮ್ಮ ಸಹೋದ್ಯೋಗಿಗಳಾದ ಕಿರಿಯ ಗುರುಗಳೂ ಪೇಟಿಯನ್ನು ಹಳೆಯ ಜಮಖಾನೆಯಲ್ಲಿ ಸುತ್ತಿಕೊಂಡು ಎಸ್.ಟಿ. ಬಸ್ಸು ಹತ್ತಿದೆವು. ನಿರ್ವಾಹಕರು ಗಂಟಿನತ್ತ ನೋಡಿ, ಒಳಗೇನೆಂದು ಕೇಳಿದರು. "ಪೇಟಿ" ಎಂದೆವು. "ಬಾರಸೂದಾ, ಬೀಗ ಹಾಕೂದಾ?" ಎಂದರು. ಅಂದು ಅದಕ್ಕೆ ಸರಿಯಾದ ಉತ್ತರ ನಮ್ಮಲ್ಲಿರಲಿಲ್ಲ.

ಮಿರಜು ಸಾಮಾನ್ಯ ಊರಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಆಯುಧಗಳನ್ನು ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಇಲ್ಲಿ ತಂಬೂರಿ, ಸಿತಾರಗಳನ್ನು ಮಾಡತೊಡಗಿದರು. ಕತ್ತಿಯ ಅಲಗು ನೋಡುತ್ತಿದ್ದ ಕೈಗಳು ತಂತಿಯ ನಾದವನ್ನು ನೋಡಲು ಕಲಿತವು. ಬುರುಡೆಗೆ ಬೇಕಾದ ದೊಡ್ಡ ಸೋರೆಕಾಯಿಗಳು ಪಂಢರಪುರ, ಮಂಗಳವೇಢೆಗಳ ಕಡೆಯ ಹೊಲಗಳಿಂದ ಬರುತ್ತವೆ. ಈ ಊರಿನ ಸಿತಾರ, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು.

ವಾದ್ಯ ಮಾಡುವವರ ಗಲ್ಲಿಯಲ್ಲಿ ವೃದ್ಧ ಕಾರೀಗರರೊಬ್ಬರು ನಮ್ಮ ಪೇಟಿಯನ್ನು ಬಿಚ್ಚಿ ಮೂಗಿನ ಹತ್ತಿರ ಹಿಡಿದರು. ಇಲಿಯ ವಾಸನೆ ಅವರಿಗೆ ಅರ್ಥವಾಗಿರಬೇಕು. "ಎರಡು ತಾಸು ಬಿಟ್ಟು ಬರ್ರಿ. ಅಷ್ಟರಾಗ ಆ ಮೂಲಿಯ ಖಾನಾವಳಿಯೊಳಗ ಉಂಡು ಬರ್ರಿ. ಮಾತ್ರ ಅವಸರ ಮಾಡಬ್ಯಾಡ್ರಿ," ಎಂದರು.

ಆ ಖಾನಾವಳಿಯ ಹೆಸರನ್ನು ನಾವು ಬರೆಯುತ್ತಿಲ್ಲ. ಒಳಗೆ ಹದಿನಾರು ಜನಕ್ಕಿಂತ ಹೆಚ್ಚು ಕೂಡ್ರಲಾರರು, ಬರೆದರೆ ಗದ್ದಲವಾಗುತ್ತದೆಂದು ಅದರ ಯಜಮಾನರು ಮೊದಲೇ ಕೇಳಿಕೊಂಡಿದ್ದಾರೆ. ಎಲ್ಲರೂ ಅವರನ್ನು ಕಾಕಾ ಎನ್ನುತ್ತಾರೆ. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವ ಅವರ ಮನೆಯವರು ಕಾಕೂ. ಗೋಡೆಯ ಮೇಲೆ ಉಸ್ತಾದ ಅಬ್ದುಲ್ ಕರೀಂ ಖಾನರ ಭಾವಚಿತ್ರ. ಅದರ ಕೆಳಗೆ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಬರೆದ ಒಂದು ಹಲಗೆ: ಊಟಕ್ಕೆ 90 ರೂಪಾಯಿ. ಹಾಡು ನಡೆದಾಗ ರೊಟ್ಟಿ ಕೇಳಬಾರದು. ತಂಬಿಗೆ ಕೆಳಗಿಡುವಾಗ ಸಪ್ಪಳ ಮಾಡಬಾರದು. ಹಾಡಿದವರಿಗೆ ಹಣ ಬಿಡಲಾಗುವುದಿಲ್ಲ, ಒಂದು ಹೋಳಿಗೆ ಹೆಚ್ಚು ಬಡಿಸಲಾಗುವುದು.

ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಗುದ್ದಿ ಒಡೆದ ಉಳ್ಳಾಗಡ್ಡಿ. ಎರಡನೆಯ ರೊಟ್ಟಿ ತಾಟಿಗೆ ಬೀಳುವಷ್ಟರಲ್ಲಿ ಕಾಕಾ ಕೈ ತೊಳೆದುಕೊಂಡು ಮೂಲೆಯ ಗದ್ದುಗೆ ಏರಿ ತಂಬೂರಿ ಎತ್ತಿಕೊಂಡರು. ಗಲ್ಲಿಯ ಹುಡುಗನೊಬ್ಬ ತಬಲಾ ಮುಂದಿಟ್ಟುಕೊಂಡ. ಮಧ್ಯಾಹ್ನದ ಆ ಹೊತ್ತಿಗೆ ಒಪ್ಪುವ ಭೀಮಪಲಾಸಿ ಮೆಲ್ಲಗೆ ತೆರೆದುಕೊಂಡಿತು. ಒಲೆಯ ಮುಂದಿನ ತಟತಟ ಸದ್ದು ತಾನಾಗಿ ನಿಂತಿತು. ಎದುರು ಕೂತ ಹಮಾಲನೊಬ್ಬ ತುತ್ತನ್ನು ಕೈಯಲ್ಲಿ ಹಿಡಿದು, ಎಡಗೈಯಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದ. ಸಮಕ್ಕೆ ಬಂದೊಡನೆ ತುತ್ತು ಬಾಯಿಗೆ ಹೋಯಿತು. ಅವನ ಲೆಕ್ಕ ತಪ್ಪಲಿಲ್ಲ. ಗಣಿತಕ್ಕಾಗಿ ಸಂಗೀತವನ್ನು ನಿಲ್ಲಿಸಿದ ನಾವು ಅದನ್ನು ನೋಡುತ್ತ ಕುಳಿತೆವು.

ಹಾಡಿನ ನಡುವಿನ ಬಿಡುವಿನಲ್ಲಿ ರೊಟ್ಟಿಯೂ ಬರುತ್ತಿತ್ತು, ಕಥೆಯೂ ಬರುತ್ತಿತ್ತು. ಖಾನ ಸಾಹೇಬರು 1872ರಲ್ಲಿ ದೂರದ ಕಿರಾಣಾದಲ್ಲಿ ಹುಟ್ಟಿ ಮಿರಜಿನಲ್ಲಿ ನೆಲೆನಿಂತವರು. ಕರ್ನಾಟಕ ಸಂಗೀತದ ಸರಿಗಮದ ರೀತಿಯನ್ನು ಮೆಚ್ಚಿ ತಮ್ಮ ಗಾಯನಕ್ಕೆ ತಂದುಕೊಂಡವರು. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಸವಾಯಿ ಗಂಧರ್ವರ ಶಿಷ್ಯರು. 1937ರಲ್ಲಿ ತೀರಿಕೊಂಡ ಖಾನ ಸಾಹೇಬರ ಸಮಾಧಿ ಈ ಊರಿನ ಮೀರಾಸಾಹೇಬ ದರ್ಗಾದ ಆವರಣದಲ್ಲಿದೆ. ಉರುಸಿನ ಕಾಲಕ್ಕೆ ಗಾಯಕರು ಬಂದು ಅಲ್ಲಿ ಹಾಡಿ ಹೋಗುತ್ತಾರೆ. ಅದೇ 1872ರಲ್ಲಿ ಹುಟ್ಟಿದ ವಿಷ್ಣು ದಿಗಂಬರ ಪಲುಸ್ಕರರು ಬಾಲಕರಾಗಿದ್ದಾಗ ಪಟಾಕಿಯಿಂದ ಕಣ್ಣು ಕೆಟ್ಟು, ಮಿರಜಿಗೆ ಬಂದು ಬಾಳಕೃಷ್ಣಬುವಾ ಅವರಲ್ಲಿ ಕಲಿತರು. ಅವರೇ 1901ರಲ್ಲಿ ಲಾಹೋರಿನಲ್ಲಿ ಗಂಧರ್ವ ಮಹಾವಿದ್ಯಾಲಯ ತೆರೆದು, ಜನಸಾಮಾನ್ಯರ ಮಕ್ಕಳೂ ಶಾಲೆಯ ಕ್ರಮದಲ್ಲಿ ಸಂಗೀತ ಕಲಿಯುವಂತೆ ಮಾಡಿದವರು. ಸಂಗೀತವನ್ನು ವೇಳಾಪತ್ರಿಕೆಯೊಳಗೆ ತಂದವರು ಕಲಿತ ಊರಿಗೆ, ಅದನ್ನು ವೇಳಾಪತ್ರಿಕೆಯಿಂದ ಹೊರಹಾಕಿದವರು ಪೇಟಿಯ ಮರಣಪತ್ರ ಕೇಳಲು ಬಂದಿದ್ದೆವು!

ಅಥಣಿಯ ಕಡೆಯ ರೈತರೊಬ್ಬರು ತತ್ತ್ವಪದ ಹಾಡಿ ಹೋಳಿಗೆ ಪಡೆದರು. ಒಬ್ಬ ಮುದುಕರು ಅಭಂಗ ಹಾಡಿದರು. ಕನ್ನಡಕ್ಕೊಂದು, ಮರಾಠಿಗೊಂದು ಎಂಬ ಹಂಚಿಕೆ ಅಲ್ಲಿರಲಿಲ್ಲ. ಹಾಡು ಮುಗಿದಾಗ ಎಲ್ಲರೂ ಒಂದೇ ಬಗೆಯಲ್ಲಿ ತಲೆದೂಗಿದರು. ಬಳಿಕ ಕಾಕಾ ನಮ್ಮತ್ತ ತಿರುಗಿ, "ಗುರೂಜಿ, ಈಗ ನಿಮ್ಮ ಪಾಳಿ," ಎಂದರು.

ಶಿಕ್ಷಕರ ತರಬೇತಿಯಲ್ಲಿ ಒಂದು ಪ್ರಾರ್ಥನಾ ಗೀತೆ ಹಾಡಿ ನಾವೂ ಸಂಗೀತದಲ್ಲಿ ಅಂಕ ಪಡೆದವರೇ. ಅದನ್ನೇ ಎತ್ತಿಕೊಂಡೆವು. ಎರಡನೆಯ ಸಾಲಿಗೆ ಸ್ವರ ಕೈಬಿಟ್ಟಿತು, ಮೂರನೆಯದಕ್ಕೆ ನೆನಪು ಕೈಬಿಟ್ಟಿತು. ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತು. ಕಾಕೂ ಹೋಳಿಗೆಯನ್ನು ನಮ್ಮ ತಾಟಿಗಿಟ್ಟು, "ಇರಲಿ ಬಿಡ್ರಿ. ಸಾಲ್ಯಾಗ ಹುಡುಗರಿಗೆ ಹಾಡು ಯಾರು ಕಲಸ್ತಾರ್ರಿ?" ಎಂದು ಸಹಜವಾಗಿ ಕೇಳಿದರು.

"ಶನಿವಾರ ಒಂದು ಅವಧಿ ಇದೆ," ಎಂದೆವು.

ಸುಳ್ಳು ಹೇಳಬಾರದೆಂದೂ ನಾವು ಮೂವತ್ತು ವರುಷ ಕಲಿಸಿದ್ದೇವೆ. ಪಕ್ಕದಲ್ಲಿದ್ದ ಕಿರಿಯ ಗುರುಗಳು ತಲೆ ತಗ್ಗಿಸಿ ಮೊಸರು ಕಲಸಿಕೊಳ್ಳುತ್ತಿದ್ದರು. ಆ ಹೋಳಿಗೆಯ ರುಚಿ ನಮಗೆ ತಿಳಿಯಲಿಲ್ಲ.

ಮರಳಿ ಹೋದಾಗ ಕಾರೀಗರರು ಚೀಟಿ ಬರೆಯಲು ಒಪ್ಪಲಿಲ್ಲ. "ಸ್ವರ ಎಲ್ಲಾ ನೆಟ್ಟಗ ಅದಾವ್ರಿ. ತಿದಿಯ ಚರ್ಮ ಅಷ್ಟ ಇಲಿ ಕಡದೈತಿ. ಬಾರಿಸಿದ್ದಕ್ಕ ಇದು ಕೆಟ್ಟಿಲ್ಲ, ಬಾರಸದ ಇಟ್ಟಿದ್ದಕ್ಕ ಕೆಟ್ಟೈತಿ. ಜೀವ ಇದ್ದದ್ದಕ್ಕ ಸತ್ತೈತಿ ಅಂತ ಹ್ಯಾಂಗ ಬರೀಲಿ?" ಎಂದರು. ದುರಸ್ತಿಗೆ 1,800 ರೂಪಾಯಿ ಹೇಳಿದರು. ನಾವಿಬ್ಬರೂ ಅದನ್ನು ಹಂಚಿಕೊಂಡು ಕೊಟ್ಟೆವು. ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಕಿರಿಯ ಗುರುಗಳು ಖಾನಾವಳಿಯ ಮಾತೆತ್ತಲಿಲ್ಲ. ನಾವೇ ಎತ್ತಿದೆವು. "ಕಾಕೂ ಅವರಿಗೆ ಹೇಳಿದ ಮಾತನ್ನು ನಿಜ ಮಾಡಬೇಕಾಗಿದೆ," ಎಂದೆವು. "ಪೇಟಿ ನನಗ ಅಷ್ಟಿಷ್ಟು ಬರತೈತ್ರಿ ಸರ್. ನೀವು ಕೇಳಲಿಲ್ಲ, ನಾ ಹೇಳಲಿಲ್ಲ," ಎಂದರು ಅವರು. ಆರು ವರುಷ ಒಂದೇ ಕೋಣೆಯಲ್ಲಿ ಕೂಡಿ ಕೆಲಸ ಮಾಡಿದವರ ಮಾತಿದು.

ರಜೆ ಮುಗಿದ ಮೇಲೆ ಶನಿವಾರದ ಕೊನೆಯ ಅವಧಿ ಮತ್ತೆ ಸಂಗೀತದ್ದಾಯಿತು. ಗಣಿತದ ಅಂಕಗಳು ಅದರಿಂದ ಇಳಿದಿಲ್ಲ, ಏರಿವೆಯೆಂದೂ ನಾವು ಹೇಳುವುದಿಲ್ಲ. ಆದರೆ ಮಕ್ಕಳು ಮನೆಯಿಂದ ಅಜ್ಜಿಯಂದಿರ ಬೀಸುವ ಪದಗಳನ್ನು ತರತೊಡಗಿದ್ದಾರೆ. ಅವುಗಳಲ್ಲಿ ನಮ್ಮ ಪಠ್ಯಪುಸ್ತಕದಲ್ಲಿಲ್ಲದ ಕನ್ನಡದ ಮಾತುಗಳು ಎಷ್ಟೋ ಇವೆ. ಗಡಿಯ ಈಚೆಗೆ ಇರುವ ನಮಗೆ ಅದು ಚಿಕ್ಕ ಲಾಭವಲ್ಲ. ಖಿಚಡಿ ಬಡಿಸುವ ಅಡುಗೆಯಾಕೆಯೂ ಹಾಡು ಮುಗಿಯುವತನಕ ಸೌಟು ಎತ್ತುವುದಿಲ್ಲ.

ವಹಿಯಲ್ಲಿ ಪೇಟಿ ಇನ್ನೂ 'ಡೆಡ್ ಸ್ಟಾಕ್' ಆಗಿಯೇ ಇದೆ. ಅದನ್ನು ಬದಲಿಸುವ ಅಧಿಕಾರ ನಮಗಿಲ್ಲ. ಶನಿವಾರಗಳಂದು ನಾವು ಕೊನೆಯ ಸಾಲಿನಲ್ಲಿ, ಮಕ್ಕಳ ಹಿಂದೆ ಕುಳಿತು ಆ ಪ್ರಾರ್ಥನಾ ಗೀತೆಯನ್ನು ಮೊದಲಿನಿಂದ ಕಲಿಯುತ್ತಿದ್ದೇವೆ. ಮೂರನೆಯ ಸಾಲು ಬಂದಿದೆ. ಪೂರ್ತಿ ಬಂದ ದಿನ ಮತ್ತೆ ಮಿರಜಿಗೆ ಹೋಗಿ, ಕಾಕೂ ಅವರ ಕೈಯ ಹೋಳಿಗೆಯನ್ನು ಹಕ್ಕಿನಿಂದ ಉಣ್ಣಬೇಕೆಂದಿದ್ದೇವೆ.