ಕೆಮ್ಮಿನ ನೋವು ಮತ್ತು ಸಬ್ರ್‌ನ ಅರ್ಥ

ಕೆಮ್ಮನ್ನು ನಮ್ಮ ಮನೆಗಳಲ್ಲಿ ಯಾರೂ ಒಂದು ರೋಗವೆಂದು ಎಣಿಸುವುದಿಲ್ಲ. ಮಳೆಯೊಂದಿಗೆ ಬರುತ್ತದೆ, ಶುಂಠಿ ಕಷಾಯಕ್ಕೆ ಹೋಗುತ್ತದೆ ಎಂಬುದು ಎಲ್ಲರ ನಂಬಿಕೆ. ಹೆಚ್ಚಿನ ಕೆಮ್ಮುಗಳು ಹಾಗೆಯೇ ಹೋಗುತ್ತವೆ ಎಂಬುದೂ ನಿಜ. ಆದರೆ ವಾರಗಟ್ಟಲೆ ಉಳಿದ ಕೆಮ್ಮು ಎದೆಯನ್ನು ನೋಯಿಸತೊಡಗಿದಾಗ ಕೆಲವರು ಹೃದಯಾಘಾತವೇ ಆಯಿತೆಂದು ಗಾಬರಿಗೊಳ್ಳುತ್ತಾರೆ. ಇನ್ನು ಕೆಲವರು, ವಿಶೇಷವಾಗಿ ನಮ್ಮ ತಾಯಂದಿರು, ಯಾರಿಗೂ ಹೇಳದೆ ನುಂಗಿಕೊಳ್ಳುತ್ತಾರೆ. ಆ ಮೌನವನ್ನೇ ಅವರು ಸಬ್ರ್ ಎಂದು ಭಾವಿಸುತ್ತಾರೆ.

ನನ್ನ ಉಮ್ಮ ಈ ಎರಡನೆಯ ಗುಂಪಿಗೆ ಸೇರಿದವರು. ಕಳೆದ ಮಳೆಗಾಲದಲ್ಲಿ ಅವರಿಗೆ ಆರು ವಾರಗಳ ಕಾಲ ಒಣಕೆಮ್ಮು ಕಾಡಿತು. ಜೇನು, ಕರಿಮೆಣಸು, ಔಷಧಿ ಅಂಗಡಿಯ ಸಿರಪ್ ಯಾವುದಕ್ಕೂ ಅದು ಬಗ್ಗಲಿಲ್ಲ. ವಿಚಾರಿಸಿದರೆ, "ಮಳೆಯ ಕೆಮ್ಮು ಮಗಾ, ಕೊಟ್ಟವನೇ ತೆಗೆಯುತ್ತಾನೆ" ಎನ್ನುತ್ತಿದ್ದರು. ಒಂದು ಸಂಜೆ ಮಗ್ರಿಬ್ ನಮಾಝಿನಲ್ಲಿ ಸುಜೂದ್‌ನಿಂದ ಏಳುವಾಗ ಅವರು ಪಕ್ಕೆಯನ್ನು ಒತ್ತಿ ಹಿಡಿದದ್ದನ್ನು ತಂಗಿ ಕಂಡಳು. ಹತ್ತು ದಿನಗಳಿಂದ ಕೆಮ್ಮಿದಾಗಲೆಲ್ಲ ಅಲ್ಲಿ ಚೂರಿಯಿಂದ ಇರಿದಂತಾಗುತ್ತಿತ್ತಂತೆ. ಅವರ ಮೌನದ ಹಿಂದೆ ಇನ್ನೊಂದು ಕಾರಣವೂ ಇತ್ತು. ತಂಗಿಯ ಮದುವೆಯ ಮಾತುಕತೆ ನಡೆಯುತ್ತಿದ್ದ ಸಮಯವದು. ಮನೆಯಲ್ಲಿ ಕ್ಷಯವಿದೆಯೆಂಬ ಸುದ್ದಿ ಹಬ್ಬಿದರೆ ಸಂಬಂಧ ತಪ್ಪಿಹೋದೀತೆಂದು ಅವರು ಅಂಜಿದ್ದರು.

ವೈದ್ಯೆ ಇಸಿಜಿ ಮತ್ತು ಎದೆಯ ಎಕ್ಸ್-ರೇ ಮಾಡಿಸಿದರು, ಕಫವನ್ನೂ ಪರೀಕ್ಷೆಗೆ ಕಳುಹಿಸಿದರು. ಹೃದಯದಲ್ಲಾಗಲಿ ಶ್ವಾಸಕೋಶದಲ್ಲಾಗಲಿ ತೊಂದರೆ ಇರಲಿಲ್ಲ, ಕ್ಷಯವೂ ಇರಲಿಲ್ಲ. ನೋವಿನ ಮೂಲವನ್ನು ಅವರು ಸರಳವಾಗಿ ವಿವರಿಸಿದರು. ಕೆಮ್ಮುವಾಗ ಗಂಟಲಿನ ದ್ವಾರವು ಕ್ಷಣಕಾಲ ಮುಚ್ಚಿಕೊಳ್ಳುತ್ತದೆ, ಎದೆ ಮತ್ತು ಹೊಟ್ಟೆಯ ಸ್ನಾಯುಗಳು ಬಲವಾಗಿ ಸಂಕುಚಿಸುತ್ತವೆ, ಒತ್ತಡಕ್ಕೊಳಗಾದ ಗಾಳಿ ಸಿಡಿದು ಹೊರಬರುತ್ತದೆ. ಇದು ದಿನವೂ ನೂರಾರು ಬಾರಿ ನಡೆದರೆ ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಭಾರ ಹೊತ್ತ ಕೂಲಿಯಾಳಿನ ಬೆನ್ನಿನಂತೆ ದಣಿದು ನೋಯುತ್ತವೆ. ಪಕ್ಕೆಲುಬು ಎದೆಮೂಳೆಗೆ ಸೇರುವಲ್ಲಿರುವ ಮೃದುವಾದ ಎಲುಬು ಊದಿಕೊಳ್ಳುವುದೂ ಉಂಟು. ಎಲುಬು ಸವೆದ ವೃದ್ಧರಲ್ಲಿ ಬರಿಯ ಕೆಮ್ಮಿನಿಂದಲೇ ಪಕ್ಕೆಲುಬು ಬಿರುಕು ಬಿಡಬಹುದು. ಇಂತಹ ನೋವು ಸಾಮಾನ್ಯವಾಗಿ ಕೆಮ್ಮಿದಾಗ, ದೀರ್ಘವಾಗಿ ಉಸಿರೆಳೆದಾಗ ಮತ್ತು ಆ ಜಾಗವನ್ನು ಒತ್ತಿದಾಗ ಹೆಚ್ಚುತ್ತದೆ.

ಬಳಿಕ ವೈದ್ಯೆ ಉಮ್ಮ ಸೇವಿಸುತ್ತಿದ್ದ ಮಾತ್ರೆಗಳನ್ನು ತರಿಸಿ ನೋಡಿದರು. ನಾಲ್ಕು ತಿಂಗಳ ಹಿಂದೆ ಆರಂಭಿಸಿದ ರಕ್ತದೊತ್ತಡದ ಮಾತ್ರೆ ಅದರಲ್ಲಿತ್ತು. ಎನಾಲಾಪ್ರಿಲ್, ರಾಮಿಪ್ರಿಲ್ ವರ್ಗದ ಈ ಔಷಧಗಳು ಕೆಲವರಲ್ಲಿ ಒಣಕೆಮ್ಮನ್ನು ಉಂಟುಮಾಡುತ್ತವೆ. ಅವರು ಅದನ್ನು ಬದಲಿಸಿ ಬೇರೊಂದು ವರ್ಗದ ಮಾತ್ರೆಯನ್ನು ಕೊಟ್ಟರು. ಮೂರು ವಾರಗಳಲ್ಲಿ ಕೆಮ್ಮು ನಿಂತಿತು, ಅದರ ಹಿಂದೆಯೇ ನೋವೂ ಹೋಯಿತು. ಆದರೆ ಇದನ್ನು ಓದಿ ಯಾರೂ ತಮ್ಮ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಬದಲಿ ಔಷಧವಿಲ್ಲದೆ ರಕ್ತದೊತ್ತಡ ಏರಿದರೆ ಅಪಾಯ ಕೆಮ್ಮಿಗಿಂತ ದೊಡ್ಡದು.

ನೋವು ಇಳಿಯುವವರೆಗೆ ಕೆಲವು ಸರಳ ಕ್ರಮಗಳು ಉಮ್ಮನಿಗೆ ನೆರವಾದವು. ಕೆಮ್ಮು ಬರುವಾಗ ದಿಂಬನ್ನು ನೋವಿರುವಲ್ಲಿ ಒತ್ತಿ ಅಪ್ಪಿ ಹಿಡಿದರೆ ಸ್ನಾಯುಗಳಿಗೆ ಆಸರೆ ಸಿಗುತ್ತದೆ. ಬಿಸಿನೀರಿನ ಚೀಲದ ಹದವಾದ ಶಾಖ, ಆಗಾಗ ಗುಟುಕು ಬೆಚ್ಚನೆಯ ನೀರು, ತಲೆಯನ್ನು ಸ್ವಲ್ಪ ಎತ್ತರಿಸಿ ಮಲಗುವುದು, ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಇವೆಲ್ಲ ಉಪಯುಕ್ತ. ಸೂರಃ ಅನ್ನಹ್ಲ್‌ನಲ್ಲಿ ಉಪಶಮನವೆಂದು ಹೇಳಲಾದ ಜೇನು ಗಂಟಲಿಗೆ ಹಿತವಾಗಿದೆ. ಆದರೆ ಒಂದು ವರ್ಷ ತುಂಬದ ಮಗುವಿಗೆ ಜೇನು ಕೊಡಬಾರದು. ಲೋಬಾನ, ಅಗರಬತ್ತಿ, ಸೊಳ್ಳೆಬತ್ತಿ ಮತ್ತು ಸೌದೆಯೊಲೆಯ ಹೊಗೆಯಿಂದ ರೋಗಿಯನ್ನು ದೂರವಿಡಬೇಕು. ಮನೆಯವರ ಬೀಡಿ, ಸಿಗರೇಟಿನ ಕುರಿತು ಹೇಳಬೇಕಾದುದೇ ಇಲ್ಲ.

ಹಾಗೆಂದು ಪ್ರತಿಯೊಂದು ಎದೆನೋವನ್ನೂ ಕೆಮ್ಮಿನ ತಲೆಗೆ ಕಟ್ಟಬಾರದು. ಎದೆಯ ಮಧ್ಯದಲ್ಲಿ ಭಾರ, ತೋಳು ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ಕಷ್ಟ ಕಂಡುಬಂದರೆ ತಡಮಾಡದೆ 108ಕ್ಕೆ ಕರೆಮಾಡಬೇಕು. ಕಫದಲ್ಲಿ ರಕ್ತ ಕಂಡರೆ, ಸಂಜೆಯ ಜ್ವರ, ರಾತ್ರಿಯ ಬೆವರು ಅಥವಾ ತೂಕದ ಇಳಿಕೆ ಇದ್ದರೆ ಬೇಗನೆ ವೈದ್ಯರನ್ನು ಕಾಣಬೇಕು. ಎರಡು ವಾರ ಮೀರಿದ ಕೆಮ್ಮಿಗೆ ಕಫದ ಪರೀಕ್ಷೆ ಅಗತ್ಯ. ಸರಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಪರೀಕ್ಷೆಯೂ ಔಷಧವೂ ಉಚಿತ. ಸಾಮಾನ್ಯವಾಗಿ ಆರು ತಿಂಗಳು ತಪ್ಪದೆ ಔಷಧ ಸೇವಿಸಿದರೆ ಕ್ಷಯ ಗುಣವಾಗುತ್ತದೆ. ಮುಚ್ಚಿಟ್ಟರೆ ಅದು ಮನೆಯ ಮಕ್ಕಳಿಗೂ ಹರಡಬಹುದು. ರೋಗದ ಹೆಸರು ಕೇಳಿ ಸಂಬಂಧ ಮುರಿಯುವವರು ಮತ್ತು ಆ ಭಯದಿಂದ ತಾಯಂದಿರು ಬಾಯಿ ಮುಚ್ಚಿಕೊಳ್ಳುವಂತಹ ವಾತಾವರಣವನ್ನು ಸೃಷ್ಟಿಸಿದವರು ಅಲ್ಲಾಹನ ಮುಂದೆ ಉತ್ತರಿಸಬೇಕಾಗುತ್ತದೆ.

ಸಬ್ರ್ ಎಂದರೆ ನೋವನ್ನು ಅಡಗಿಸುವುದಲ್ಲ. ಉಸ್ಮಾನ್ ಬಿನ್ ಅಬುಲ್ ಆಸ್(ರ) ತಮ್ಮ ಶರೀರದ ನೋವನ್ನು ಪ್ರವಾದಿ(ಸ)ರ ಬಳಿ ಹೇಳಿಕೊಂಡರು. ಪ್ರವಾದಿ(ಸ)ರು ಅವರನ್ನು ಸುಮ್ಮನಿರಿಸಲಿಲ್ಲ. ನೋವಿರುವ ಜಾಗದ ಮೇಲೆ ಕೈಯಿಟ್ಟು ಮೂರು ಬಾರಿ ಬಿಸ್ಮಿಲ್ಲಾಹ್ ಎನ್ನಲು, ಏಳು ಬಾರಿ ಅಲ್ಲಾಹನ ಅಭಯ ಯಾಚಿಸಲು ಕಲಿಸಿದರು. ಈ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಚಿಕಿತ್ಸೆ ಮಾಡಿಸಬೇಕೇ ಎಂದು ಕೇಳಿದ ಗ್ರಾಮೀಣ ಅರಬರಿಗೆ, ಮಾಡಿಸಿರಿ ಎಂದೇ ಅವರು ಉತ್ತರಿಸಿದರು. ನಿಂತು ನಮಾಝ್ ಮಾಡಲು ಕಷ್ಟಪಡುತ್ತಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ ಕುಳಿತು, ಅದೂ ಆಗದಿದ್ದರೆ ಮಲಗಿ ನಮಾಝ್ ಮಾಡುವ ಅನುಮತಿ ದೊರೆಯಿತು. ಅಲ್ಲಾಹನು ನೀಡಿದ ಈ ರಿಯಾಯಿತಿಯನ್ನು ನಿರಾಕರಿಸಿ ಶರೀರವನ್ನು ದಂಡಿಸುವುದರಲ್ಲಿ ಹೆಚ್ಚಿನ ಭಕ್ತಿಯೇನೂ ಇಲ್ಲ. ಕೆಲವು ದಿನ ಉಮ್ಮ ಕುರ್ಚಿಯಲ್ಲಿ ಕುಳಿತು, ಸನ್ನೆಯಿಂದ ಸುಜೂದ್ ಮಾಡಿದರು. ಮೊದಲ ದಿನ ಅವರ ಕಣ್ಣು ತುಂಬಿತ್ತು. ಇಮ್ರಾನ್(ರ)ರ ಘಟನೆಯನ್ನು ತಂಗಿ ಓದಿ ಹೇಳಿದ ನಂತರ ಅವರ ಮನಸ್ಸು ಹಗುರಾಯಿತು.

ಶರೀರವು ನಮ್ಮ ಸೊತ್ತಲ್ಲ, ಅಲ್ಲಾಹನ ಅಮಾನತ್. ಅದು ನೋವಿನ ಮೂಲಕ ತಿಳಿಸುವುದನ್ನು ಆಲಿಸುವುದು, ಮನೆಯವರೊಂದಿಗೆ ಹೇಳಿಕೊಳ್ಳುವುದು, ಚಿಕಿತ್ಸೆ ಪಡೆಯುವುದು, ಫಲಿತಾಂಶವನ್ನು ಅವನಿಗೆ ಒಪ್ಪಿಸುವುದು ಇವೆಲ್ಲವೂ ಸೇರಿ ಸಬ್ರ್ ಆಗುತ್ತದೆ. ಇಂದು ನಿಮ್ಮ ಮನೆಯಲ್ಲಿ ಕೆಮ್ಮುತ್ತಿರುವ ಹಿರಿಯರಿದ್ದರೆ ಪಕ್ಕದಲ್ಲಿ ಕುಳಿತು, ಎಷ್ಟು ದಿನವಾಯಿತು, ಎಲ್ಲಿ ನೋಯುತ್ತಿದೆ ಎಂದು ಕೇಳಿರಿ. ರೋಗಿಗಳೆಲ್ಲರಿಗೂ ಅಲ್ಲಾಹನು ಸಂಪೂರ್ಣ ಶಿಫಾ ಅನುಗ್ರಹಿಸಲಿ. ಆಮೀನ್.