ಅಣ್ಣಿಗೇರಿಯ ಹೊಲದಲ್ಲಿ

ಹುಬ್ಬಳ್ಳಿಯಿಂದ ಗದುಗಿನ ಹಾದಿ ಹಿಡಿದರೆ ಕಣ್ಣು ಹರಿಯುವಷ್ಟು ದೂರ ಕರಿಯ ಎರೆಭೂಮಿ, ನಡುವೆ ಅಣ್ಣಿಗೇರಿ. ವಿದ್ಯಾರ್ಥಿಗಳೊಡನೆ ಅಮೃತೇಶ್ವರನ ಗುಡಿಯ 76 ಕಂಬಗಳನ್ನು ಕಂಡು, ಊರ ಹೊರಗಿನ ಹೊಲದ ಬದುವಿನಲ್ಲಿ ಬುತ್ತಿ ಬಿಚ್ಚಿದೆವು.

ಹೊಲದೊಡೆಯನಾದ ಮುದುಕನು ವಿನೋದಕ್ಕೆಂದು ಕೇಳಿದನು: “33 ಫೂಟಿನ ಚೌಕಕ್ಕ ಒಂದು ಗುಂಟೆ. 66 ಫೂಟಿನ ಚೌಕಕ್ಕ ಎಷ್ಟು, ತಮ್ಮಾ?”

ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗನು ಥಟ್ಟನೆ “ಎರಡು” ಎಂದನು.

ಮುದುಕನು ನಕ್ಕನು: “ಹೊಲಾ ಮಾರಾಕ ಹೋದ್ರ ಅರ್ಧಾ ಕಳಕೊಂತಿದ್ದಿ!”

ಗಣಿತದಲ್ಲಿ ಎರಡು ಸಲ ನಪಾಸಾಗಿದ್ದ ರೈತರ ಮನೆಯ ಹುಡುಗನೊಬ್ಬನು ಮೆಲ್ಲನೆ ಎದ್ದನು. ಬಾರಕೋಲಿನಿಂದ ಮಣ್ಣಿನಲ್ಲಿ ಚೌಕ ಗೀರಿ, ನಡುವೆ ಉದ್ದಕ್ಕೊಂದು, ಅಡ್ಡಕ್ಕೊಂದು ಗೆರೆ ಎಳೆದು, “ನಾಲ್ಕು, ಅಜ್ಜಾ” ಎಂದನು.

ಎಲ್ಲರೂ ಬಗ್ಗಿ ನೋಡಿದರು. ಲೆಕ್ಕವೆಂದರೆ ಆಕಳಿಸುತ್ತಿದ್ದವರು ಮರಳುವ ದಾರಿಯಲ್ಲಿ ಕಂಡ ಕಂಡ ಹೊಲಗಳನ್ನು ಗುಂಟೆಯ ಲೆಕ್ಕದಲ್ಲಿ ಅಳೆಯತೊಡಗಿದರು. ಆ ಹುಡುಗನು ಎಲ್ಲರಿಗೂ ಮುಂದೆ ನಡೆಯುತ್ತಿದ್ದನು.

12ನೆಯ ಶತಮಾನದಲ್ಲಿಯೇ ರಾಜಾದಿತ್ಯನು ಕನ್ನಡದಲ್ಲಿ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ರಚಿಸಿದನು. ಕ್ಷೇತ್ರವೆಂದರೆ ಹೊಲ. ತರಗತಿಯಲ್ಲಿ ಈ ಅರ್ಥವನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ನನಗೆ ಅದು ಅರ್ಥವಾದದ್ದು ಮಾತ್ರ ಆ ಬದುವಿನ ಮೇಲೆ.